ಒಂದು ನಂಬರ್, ಒಂದು ಪೋಡು

ಕನೀಜ್ ಅವರು ಕೆಲಸ ಮಾಡುವ ಕಚೇರಿ ಯಲಹಂಕ ಹಳೇ ಊರಿನ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿದೆ. ಒಳಗೆ ಕೆಲವು ಮೇಜು, ಸದ್ದು ಮಾಡುವ ಒಂದು ಎ.ಸಿ., ಗೋಡೆಯ ಮೇಲೆ ರಾಜ್ಯದ ದೊಡ್ಡ ನಕಾಶೆ. ನಕಾಶೆಯಲ್ಲಿ ಬೆಟ್ಟಗಳಿರುವ ಕಡೆ ಮಾತ್ರ ಕೆಂಪು ಪಿನ್ನುಗಳನ್ನು ಚುಚ್ಚಿದ್ದಾರೆ. ಒಂದೊಂದು ಪಿನ್ನೂ ಒಂದೊಂದು ಗ್ರಾಮ ಪಂಚಾಯಿತಿ. ಅಲ್ಲಿಯ ಜನ ಪಿಂಚಣಿ ಬರಲಿಲ್ಲವೆಂದೋ ನೀರಿನ ಪೈಪು ಒಡೆದಿದೆಯೆಂದೋ ಫೋನಿನಲ್ಲಿ ದೂರು ಕೊಟ್ಟರೆ ಅದು ಈ ಮಹಡಿಗೆ ಬರುತ್ತದೆ. ಇಲ್ಲಿ ಅದನ್ನು ಓದಿ, ವಿಂಗಡಿಸಿ, ಆಯಾ ಪಂಚಾಯಿತಿಯ ಪರದೆಗೆ ಕಳಿಸುತ್ತಾರೆ. ಓದಿ ವಿಂಗಡಿಸುವವರು, ಬೇಕಾದಾಗ ಕರೆಗೂ ಉತ್ತರಿಸುವವರು ಕನೀಜ್.

ಅವರು ಹತ್ತಿರುವ ಬೆಟ್ಟ ನಂದಿ ಒಂದೇ. ಅದನ್ನೂ ಮದುವೆಯಾದ ಹೊಸತರಲ್ಲಿ, ಗಂಡ ಖಾದರ್ ಬಾಷಾ ಅವರ ಗೆಳೆಯನ ಕಾರಿನಲ್ಲಿ ಹತ್ತಿದ್ದು. ಹುಟ್ಟಿದ್ದು, ಬೆಳೆದದ್ದು, ಈಗ ಇರುವುದು ಎಲ್ಲ ಆರ್.ಟಿ. ನಗರದಲ್ಲಿ. ಖಾದರ್ ಬಾಷಾ ಅಲ್ಲಿಯೇ ಸೋಫಾ ರಿಪೇರಿ ಅಂಗಡಿ ಇಟ್ಟಿದ್ದಾರೆ. ಹೆಬ್ಬಾಳದ ಮೇಲ್ಸೇತುವೆ ದಾಟಿ ಯಲಹಂಕಕ್ಕೆ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಕನೀಜ್ ಹಿಂದಿನ ದಿನದ ದೂರುಗಳನ್ನು ಮನಸ್ಸಿನಲ್ಲಿ ತಿರುವಿ ಹಾಕುತ್ತಾರೆ. ಯಾವ ಊರಿನ ಯಾವ ನಲ್ಲಿ ಎಂಬುದು ಅವರಿಗೆ ನೆನಪಿರುತ್ತದೆ. ಊರು ಹೇಗಿದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ.

ಈ ಕೆಲಸಕ್ಕೆ ಬರುವ ಮುಂಚೆ ಅವರು ಆರ್.ಟಿ. ನಗರದ ಒಂದು ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸುತ್ತಿದ್ದರು. ಅಲ್ಲಿ ಅವರು ಚೆನ್ನಾಗಿ ಕಂಡದ್ದು ದಲ್ಲಾಳಿಗಳನ್ನು. ಓದು ಬರದ ಹೆಂಗಸರನ್ನು ನಾಲ್ಕೈದು ಜನರಂತೆ ಕರೆತಂದು, ಎಲ್ಲರ ಅರ್ಜಿಗೂ ತನ್ನದೇ ಫೋನ್ ನಂಬರ್ ಹಾಕಿಸುವುದು ದಲ್ಲಾಳಿಯ ಪದ್ಧತಿ. ಮುಂದೆ ಸರ್ಕಾರ ಏನೇ ತಿಳಿಸಿದರೂ ಅದು ಅವನ ಫೋನಿಗೇ ಬರುತ್ತದೆ. ಅರ್ಜಿದಾರರು ಅವನ ಹಿಂದೆ ಅಲೆಯಬೇಕು. ಕನೀಜ್ ಅವರ ತಾಯಿಯ ವಿಧವಾ ವೇತನದ ಅರ್ಜಿಗೂ ಹೀಗೆಯೇ ಆಗಿತ್ತು. ಮಂಜೂರಾದ ಸಂದೇಶ ದಲ್ಲಾಳಿಯ ಫೋನಿನಲ್ಲಿ ಎಷ್ಟೋ ಕಾಲ ಬಿದ್ದಿತ್ತು. ತಾಯಿ ಕೇಳಿದಾಗೆಲ್ಲ ಅವನು, “ಆಗುತ್ತೆ ಇರಿ ಅಮ್ಮಿ, ಮೇಲಿಂದ ಬಂದಿಲ್ಲ,” ಎನ್ನುತ್ತಿದ್ದ.

ಹಾಗಾಗಿ ಕೊಡಿಗೇಹಳ್ಳಿಯ ವಾಸು ಈ ಕಂಪನಿ ತೆರೆದು, ಬೆಟ್ಟದ ಪಂಚಾಯಿತಿಗಳ ಕೆಲಸ ಹಿಡಿದಾಗ ಕನೀಜ್ ಮೊದಲು ಕೇಳಿದ್ದು ಒಂದೇ ವಿಷಯ. ಒಂದು ಫೋನ್ ನಂಬರಿಗೆ ಒಬ್ಬರೇ ಇರಬೇಕು. ಅದೇ ನಂಬರಿನಿಂದ ಇನ್ನೊಬ್ಬರ ಹೆಸರಲ್ಲಿ ಏನೇ ಬಂದರೂ ಅದು ಮೊದಲಿನವರ ಖಾತೆಗೇ ಸೇರಿ, ಅಲ್ಲಿಯೇ ನಿಲ್ಲಬೇಕು. ವಾಸು ಒಪ್ಪಿದರು. ಪ್ರೋಗ್ರಾಂ ಬರೆಯುವ ಮುನೇಶ್, ಹುಣಸಮಾರನಹಳ್ಳಿಯವನು, ಅದನ್ನು ಒಂದೇ ದಿನದಲ್ಲಿ ಬರೆದುಕೊಟ್ಟ. ಅವನು ಕನೀಜ್ ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದುದರಿಂದ ಕಚೇರಿಯಲ್ಲಿ ಅದಕ್ಕೆ ‘ಆಪಾ ರೂಲ್’ ಎಂಬ ಹೆಸರು ಬಿತ್ತು. ರೂಲ್ ಬಂದ ಮೇಲೆ ಒಂದು ತಪ್ಪಲಿನ ಊರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಅರ್ಧ ಹೋಬಳಿಯ ಅರ್ಜಿಗಳನ್ನು ತನ್ನ ನಂಬರಿನಲ್ಲಿ ಹಾಕುತ್ತಿದ್ದವನೊಬ್ಬ ಸಿಕ್ಕಿಬಿದ್ದ. ಆ ದಿನ ವಾಸು ಕೆಳಗಿನ ಬೇಕರಿಯಿಂದ ಎಲ್ಲರಿಗೂ ಪಫ್ಸ್ ತರಿಸಿದ್ದರು.

ಜಡೇಗೌಡ ಎಂಬ ಹೆಸರು ಕನೀಜ್ ಅವರ ಪರದೆಗೆ ಬಂದದ್ದು ಆಮೇಲೆ. ರಾಜ್ಯದ ದಕ್ಷಿಣದ ಅಂಚಿನ ಕಾಡುಬೆಟ್ಟದಲ್ಲಿ ಕೀರನಕಲ್ಲು ಪೋಡು ಎಂಬ ಊರಿದೆ. ಬೆಟ್ಟದ ಸೋಲಿಗರು ತಮ್ಮ ಊರನ್ನು ಪೋಡು ಎನ್ನುತ್ತಾರೆ. ಅಲ್ಲಿಂದ ಜಡೇಗೌಡ ಮೊದಲು ಕುಡಿಯುವ ನೀರಿನ ಬಗ್ಗೆ ದೂರು ಕೊಟ್ಟರು. ಆಮೇಲೆ ಶಾಲೆಯ ಸೂರು. ಆಮೇಲೆ ವೃದ್ಧಾಪ್ಯ ವೇತನ. ಮರುತಿಂಗಳು ವಿಧವಾ ವೇತನ. ಎಲ್ಲರ ವ್ಯಾಜ್ಯವನ್ನೂ ತಾವೇ ಹಿಡಿದವರಂತೆ ಕಂಡದ್ದರಿಂದ ಕಚೇರಿಯಲ್ಲಿ ಅವರನ್ನು ‘ಕೀರನಕಲ್ಲು ಲಾಯರ್’ ಎನ್ನತೊಡಗಿದರು. ಅದಾದ ಮೇಲೆ ಹೆರಿಗೆ ಭತ್ಯೆ.

“ಆಪಾ, ನಿಮ್ ಲಾಯರ್ ಬಸುರಿಯಂತೆ,” ಎಂದ ಮುನೇಶ್ ಅಂದು.

“ಸುಮ್ನಿರೋ. ಅವನು ಪಕ್ಕಾ ದಲ್ಲಾಳಿ. ಮೂರ್ನಾಲ್ಕು ಜನರ ಕೈಲಿ ಮಾತಾಡಿಸ್ತಾನೆ. ಒಂದ್ಸಲ ಹೆಂಗಸು, ಒಂದ್ಸಲ ಮುದುಕ. ನಂಗೊತ್ತಿಲ್ವಾ ಇದೆಲ್ಲಾ?”

ನೀರು ಮತ್ತು ಸೂರಿನ ದೂರುಗಳು ಪಂಚಾಯಿತಿಗೆ ಹೋದವು. ಉಳಿದವು ಜಡೇಗೌಡರ ಖಾತೆಯಲ್ಲಿಯೇ ನಿಂತವು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅವರೇ ಕರೆ ಮಾಡಿದರು. ಈ ಸಲ ಮಾತು ಜೀಪಿನದು. ವಾರಕ್ಕೊಮ್ಮೆ ಪಂಚಾಯಿತಿಯ ಜೀಪು ಟ್ಯಾಬ್ಲೆಟ್ ಇಟ್ಟುಕೊಂಡ ಆಪರೇಟರನ್ನು ಕೂರಿಸಿಕೊಂಡು ಪೋಡುಗಳಿಗೆ ಹತ್ತುತ್ತದೆ. ಪಿಂಚಣಿಗೆ ಹೆಬ್ಬೆಟ್ಟು ಒತ್ತುವುದು, ಜಾಬ್ ಕಾರ್ಡಿಗೆ ಕೆಲಸ ಕೇಳುವುದು, ಜನನ ಮರಣ ಬರೆಸುವುದು ಎಲ್ಲ ಅಲ್ಲಿಯೇ ಆಗುತ್ತದೆ. ಜೀಪಿಲ್ಲದಿದ್ದರೆ ಪಂಚಾಯಿತಿ ಕಚೇರಿಗೆ ಕಾಡಿನ ದಾರಿಯಲ್ಲಿ ನಡೆದು ಇಳಿಯಬೇಕು. ಆನೆ ಓಡಾಡುವ ದಾರಿ ಅದು. ಮುದುಕರು, ಬಸುರಿಯರು ಇಳಿಯುವುದಿಲ್ಲ. ಹಾಗಾಗಿ ಅವರ ಕೆಲಸವೂ ಆಗುವುದಿಲ್ಲ.

“ಬರೋ ತಿಂಗಳಿಂದ ನಮ್ ಪೋಡ್ಗೆ ಜೀಪ್ ಬರಲ್ವಂತೆ ಕಣವ್ವ,” ಎಂದರು ಜಡೇಗೌಡ. “ಬೆಂಗ್ಳೂರಿಂದ ಕಾಗ್ದ ಬಂದದಂತೆ. ಕೀರನಕಲ್ಲಲ್ಲಿ ಒಬ್ಬನೇ ಗಿರಾಕಿ ಅವ್ನೆ, ಒಬ್ಬನ್ಗೆ ಯಾಕ್ ಡೀಸೆಲ್ಲು ಅಂತಾವ್ರೆ. ಯಾರವ್ವ ಅದು, ಒಬ್ಬ?”

ಕನೀಜ್ ಉತ್ತರ ಕೊಡುವಷ್ಟರಲ್ಲಿ ಲೈನ್ ಹೋಯಿತು.

ಬೆಂಗಳೂರಿನ ಆ ಕಾಗದ ಹೋದದ್ದು ಇದೇ ಮಹಡಿಯಿಂದ. ಯಾವ ಪೋಡಿನಲ್ಲಿ ಎಷ್ಟು ಜನ ಸೇವೆ ಬಳಸುತ್ತಿದ್ದಾರೆ ಎಂದು ತಾಲ್ಲೂಕು ಕಚೇರಿ ಕೇಳಿತ್ತು, ಸಿಸ್ಟಮ್ ಹೇಳಿದ್ದನ್ನು ವಾಸು ಕಳಿಸಿದ್ದರು. ಜೀಪು ಒಂದೇ ಇರುವುದರಿಂದ ಹೆಚ್ಚು ಜನರಿರುವ ಕಡೆಗೆ ಅದನ್ನು ಓಡಿಸಲು ತಾಲ್ಲೂಕಿನವರು ತೀರ್ಮಾನಿಸಿದ್ದರು. ಕೀರನಕಲ್ಲಿನ ಎದುರು ‘ಒಬ್ಬರು’ ಎಂದಿತ್ತು.

ಅದಾಗಿ ಒಂದೆರಡು ದಿನಕ್ಕೆ ಬೇರೊಂದು ನಂಬರಿನಿಂದ ಮತ್ತೆ ಜಡೇಗೌಡರ ದನಿ. ಪೋಡಿನ ಸಂಘದ ಸೀಗೇಕಾಯಿ, ನೆಲ್ಲಿಕಾಯಿ ಲೋಡಿನ ಜೊತೆ ಯಶವಂತಪುರದ ಮಾರುಕಟ್ಟೆ ಯಾರ್ಡಿಗೆ ಬರುತ್ತಿದ್ದೇನೆ, ನಿಮ್ಮನ್ನು ಕಂಡು ಮಾತಾಡಬೇಕು ಎಂದರು. ರಾತ್ರಿ ಊಟದ ಹೊತ್ತಿಗೆ ಕನೀಜ್ ಗಂಡನಿಗೆ ಹೇಳಿದರು.

“ಜಾಕೆ ದೇಖ್ ಕೊ ಆವ್ ನಾ,” ಎಂದರು ಖಾದರ್ ಬಾಷಾ. ಹೋಗಿ ನೋಡಿಕೊಂಡು ಬಾ. “ದಲ್ಲಾಳಿ ಆದ್ರೆ ಮುಖಕ್ಕೇ ಹೇಳಿ ಬಾ. ನಿನಗದು ಬಾಕಿ ಇದೆ.”

ಕನೀಜ್ ಯಶವಂತಪುರಕ್ಕೆ ಹೋದದ್ದು ಹೀಗೆ, ಮುಖಕ್ಕೆ ಹೇಳಿ ಬರಲು.

ಮಧ್ಯಾಹ್ನದ ಯಾರ್ಡಿನಲ್ಲಿ ಬೆಳಗಿನ ಹರಾಜಿನ ಗದ್ದಲ ಇಳಿದಿತ್ತು. ಈರುಳ್ಳಿ ಸಿಪ್ಪೆ ಗಾಳಿಗೆ ಹಾರುತ್ತಿತ್ತು. ಚೀಲ ಹೊತ್ತ ಹಮಾಲರು “ಸೈಡು, ಸೈಡು” ಎನ್ನುತ್ತ ಓಡುತ್ತಿದ್ದರು. ಜಡೇಗೌಡ ಒಂದು ಮಿನಿ ಲಾರಿಯ ನೆರಳಲ್ಲಿ ಕೂತಿದ್ದರು. ಐವತ್ತರ ಆಸುಪಾಸು, ಸಣ್ಣ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ.

“ನೀವಾ ಕನೀಜವ್ವ? ಫೋನಲ್ಲಿ ಬೋ ಜೋರಿದ್ದೀರಿ. ದೊಡ್ಡೋರಿರ್ಬೇಕು ಅನ್ಕಂಡಿದ್ದಿ.”

“ನಿಮ್ಮ ಫೋನ್ ಸ್ವಲ್ಪ ಕೊಡ್ತೀರಾ?” ಎಂದರು ಕನೀಜ್. ಅದರೊಳಗೆ ಯಾರ್ಯಾರ ಸಂದೇಶಗಳಿವೆ ಎಂದು ನೋಡಿದರೆ ಸಾಕು ಎಂಬುದು ಅವರ ಲೆಕ್ಕ.

“ಫೋನಾ? ತಂದಿಲ್ಲ.”

“ತಂದಿಲ್ವಾ? ಬೆಂಗಳೂರಿಗೆ ಬರ್ತೀರಾ, ಫೋನ್ ಬಿಟ್ಟು ಬರ್ತೀರಾ?”

“ಊರ ಫೋನ ಊರಿಂದ ಆಚ್ಗೆ ತರಕ್ಕಾದದಾ? ಅಲ್ಲಿ ಯಾರ್ಗಾರ ಹುಷಾರಿಲ್ಲ ಅಂದ್ರೆ ಏನ್ ಮಾಡವ್ರು?” ಜಡೇಗೌಡ ಲಾರಿಯ ಚಾಲಕನತ್ತ ಕೈ ತೋರಿಸಿದರು. “ನಿಮ್ಗೆ ಮಾಡಿದ್ದು ಇವನ್ದರಲ್ಲಿ.”

ಕನೀಜ್ ಅಲ್ಲಿಯೇ ನಿಂತು ಕೀರನಕಲ್ಲಿನ ನಂಬರಿಗೆ ಕರೆ ಮಾಡಿದರು. ಬಹಳ ಹೊತ್ತು ರಿಂಗಾಯಿತು. ಆಮೇಲೆ ಒಬ್ಬ ಹೆಂಗಸಿನ ದನಿ ಕೇಳಿತು. ಹಿಂದೆ ಗಾಳಿಯ ಸದ್ದಿತ್ತು.

“ಯಾರದು? ಜಡೇಗೌಡ ಇಲ್ಲ, ಪ್ಯಾಟ್ಗೆ ಹೋಗವ್ನೆ. ನೀರಿನ್ ವಿಷ್ಯವಾ?”

“ನೀವು ಯಾರು?”

“ರಂಗಮ್ಮ. ಈ ತಿಂಗಳು ಫೋನು ನಮ್ ಮನೇದು. ಬಂಡೆ ಮ್ಯಾಲೆ ಕುಂತಿವ್ನಿ, ಬ್ಯಾಗ ಹೇಳಿ.”

ಜಡೇಗೌಡ ಕತ್ತು ಮುಂದೆ ಮಾಡಿ ಕೇಳಿಸಿಕೊಂಡರು. “ಕೇತನ ಹೆಂಡ್ತಿ. ಕೇತ ಹೋದ್ನಲ್ಲ, ಆಗ ವಿಧವಾ ವೇತ್ನ ಕೇಳಿದ್ದು ಇವ್ಳೇಯ. ಅದ್ಯಾಕೋ ಬರ್ನೇ ಇಲ್ಲ. ವಸಿ ನೋಡಿ, ನಿಮ್ ಮಿಸಿನ್ನಲ್ಲಿ ಎಲ್ಲಿ ಸಿಕ್ಕಂಡದೆ ಅಂತ.”

ಸೈಬರ್ ಸೆಂಟರಿನಲ್ಲಿ ಅಷ್ಟು ಕಾಲ ಕೂತಿದ್ದರೂ ತನ್ನ ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟು ಊರು ಬಿಟ್ಟುಹೋದ ಒಬ್ಬ ದಲ್ಲಾಳಿಯನ್ನೂ ಕನೀಜ್ ಕಂಡಿರಲಿಲ್ಲ. ಅವರು ಜಡೇಗೌಡರ ಪಕ್ಕದಲ್ಲಿ, ಸೀಗೇಕಾಯಿಯ ಚೀಲದ ಮೇಲೆ ಕೂತರು.

ಪೋಡಿಗೆ ಇರುವುದು ಒಂದೇ ಫೋನು. ಸಂಘದಿಂದ ತೆಗೆದದ್ದು. ಸಿಗ್ನಲ್ ಸಿಗುವುದು ಪೋಡಿನ ಮೇಲಿನ ಒಂದು ಬಂಡೆಯಲ್ಲಿ ಮಾತ್ರ. ತಿಂಗಳಿಗೊಂದು ಮನೆಯಂತೆ ಅದು ಸರದಿಯಲ್ಲಿ ತಿರುಗುತ್ತದೆ. ಯಾರ ಸರದಿಯೋ ಅವರು ಮಧ್ಯಾಹ್ನ ಬಂಡೆಗೆ ಹತ್ತಿ ಕೂರಬೇಕು. ಯಾರಿಗೆ ಏನು ಬೇಕೋ ಅದನ್ನು ಊರ ಕಟ್ಟೆಯ ಮೇಲೆ ಮೊದಲು ಮಾತಾಡಿ, ಆಮೇಲೆ ಬಂಡೆಯವರಿಗೆ ಹೇಳಿ ಕಳಿಸುತ್ತಾರೆ. ಮೊದಲ ದೂರು ಹೋದ ತಿಂಗಳು ಸರದಿ ಜಡೇಗೌಡರದಾಗಿತ್ತು. ಅದಕ್ಕೇ ಸಿಸ್ಟಮ್‌ನಲ್ಲಿ ಅವರ ಹೆಸರು ಕೂತಿತು. ಜೀಪಿನಲ್ಲಿ ಬರುವ ಆಪರೇಟರ್ ಸ್ಮಿತಾ ನಂಬರ್ ಒತ್ತಿದ ಕೂಡಲೇ ಅದೇ ಹೆಸರು ತಾನಾಗಿ ಮೂಡುತ್ತಿತ್ತು, ಎದುರಿಗೆ ನಿಂತವರು ಯಾರೇ ಆಗಿದ್ದರೂ. ಅಲ್ಲಿ ತುಂಬ ಜನರಿದ್ದಾರೆ ಎಂದು ಸ್ಮಿತಾ ತಾಲ್ಲೂಕಿನಲ್ಲಿ ಬಾಯಿಬಿಟ್ಟು ಹೇಳಿದ್ದರು. ಸಿಸ್ಟಮ್‌ನಲ್ಲಿ ಇಲ್ಲವಲ್ಲ ಎಂದಿದ್ದರು ಅಲ್ಲಿಯವರು.

“ಒಬ್ಬೊಬ್ಬರೇ ಯಾಕೆ ಕೇಳಲ್ಲ ನೀವು?” ಎಂದು ಕೇಳಿದರು ಕನೀಜ್.

“ಒಬ್ಬೊಬ್ರೇ ಕೇಳುದ್ರೆ ಯಾರ್ ಕೊಟ್ಟಾರು?” ಎಂದರು ಜಡೇಗೌಡ.

ಮರಳಿ ಯಲಹಂಕಕ್ಕೆ ಬಂದು ಕನೀಜ್ ಮೊದಲು ತೆರೆದದ್ದು ರಂಗಮ್ಮನ ಅರ್ಜಿಯನ್ನು. ‘ಅರ್ಜಿದಾರ ಪುರುಷ’ ಎಂಬ ಕಾರಣ ಕೊಟ್ಟು ಸಿಸ್ಟಮ್ ಅದನ್ನು ತಿರಸ್ಕರಿಸಿತ್ತು. ತಿರಸ್ಕರಿಸಿ ವರ್ಷವಾಗುತ್ತ ಬಂದಿತ್ತು. ಅಷ್ಟು ಕಾಲವೂ ಬಂಡೆಯ ಮೇಲೆ ಕೂತವರು ಯಾರಾದರೊಬ್ಬರು ಕೇಳುತ್ತಲೇ ಇದ್ದರು. ಈ ಕಡೆಯಿಂದ “ಪರಿಶೀಲನೆಯಲ್ಲಿದೆ” ಎಂಬ ಉತ್ತರ ಹೋಗುತ್ತಲೇ ಇತ್ತು. ಒಂದೆರಡು ಸಲ ಅದನ್ನು ಹೇಳಿದ್ದು ಕನೀಜ್ ಅವರ ದನಿಯೇ.

ಅವರು ವಾಸು ಅವರ ಮೇಜಿಗೆ ಹೋಗಿ ನಡೆದದ್ದನ್ನು ಹೇಳಿದರು. ವಾಸು ನಕಾಶೆಯ ಕಡೆ ನೋಡಿದರು.

“ರಿಪೋರ್ಟ್ ಹೋಗಿಬಿಟ್ಟಿದೆ ಕನೀಜ್. ಈಗ ತಪ್ಪು ಅಂದ್ರೆ ಇದೊಂದೇ ಊರಿನದು ತಪ್ಪಾಗಲ್ಲ. ಅಷ್ಟೂ ಬೆಟ್ಟದ್ದು ತಪ್ಪಾಗುತ್ತೆ.”

“ಆಗುತ್ತೆ ಅಲ್ಲ ಸರ್, ಆಗಿದೆ.”

“ನಾಳೆ ಅವರು ನಮ್ಮ ಯಾವ ಅಂಕಿಯನ್ನ ನಂಬ್ತಾರೆ ಹೇಳಿ?”

ಮುನೇಶ್ ಕುರ್ಚಿ ತಿರುಗಿಸಿ, “ಆಪಾ, ರೂಲ್ ತೆಗ್ದಾಕ್ಬುಡ್ಲಾ? ಎಲ್ಡ್ ನಿಮಿಷದ ಕೆಲ್ಸ,” ಎಂದ.

“ತೆಗೆದ್ರೆ ಆ ಜೆರಾಕ್ಸ್ ಅಂಗಡಿಯವನು ನಾಳೆನೇ ಒಳಗೆ ಬರ್ತಾನೆ ಕಣೋ.”

“ಇಟ್ರೆ ಇವ್ರು ಆಚೆ, ತೆಗುದ್ರೆ ಅವ್ನು ಒಳಗೆ. ಇಂಗಾದ್ರೆ ಎಂಗೆ?”

ಕಷ್ಟ ನಿಜವಾಗಿಯೂ ಅಲ್ಲಿಯೇ ಇತ್ತು. ಕಂಪ್ಯೂಟರಿಗೆ ಎರಡೂ ಒಂದೇ ಥರ ಕಾಣುತ್ತವೆ. ಒಂದು ನಂಬರು, ಅದರ ಹಿಂದೆ ಹಲವು ಹೆಸರು. ದಲ್ಲಾಳಿಯ ಫೋನು ಯಾವುದು, ಊರ ಫೋನು ಯಾವುದು ಎಂದು ಪರದೆಯ ಮುಂದೆ ಕೂತು ಹೇಳಲಾಗದು. ಕನೀಜ್ ತಮ್ಮ ಕುರ್ಚಿಗೆ ಹೋಗಿ ಕೂತರು. ಯಾರ್ಡಿನಲ್ಲಿ ಜಡೇಗೌಡ ಹೇಳಿದ ಊರ ಕಟ್ಟೆಯ ಮಾತು ಅವರ ತಲೆಯಲ್ಲಿ ತಿರುಗುತ್ತಿತ್ತು. ಜೆರಾಕ್ಸ್ ಅಂಗಡಿಯವನು ತನ್ನ ನಂಬರಿನಲ್ಲಿ ಅರ್ಜಿ ಹಾಕಿದ ಅಷ್ಟೂ ಜನರನ್ನು ಒಂದೇ ಕಡೆ ಕೂರಿಸಿ, ಇದು ನಿಮ್ಮೆಲ್ಲರ ಫೋನೇ ಎಂದು ಕೇಳುವ ಧೈರ್ಯ ಮಾಡಲಾರ. ಕೀರನಕಲ್ಲಿನವರು ಅದನ್ನೇ ತಿಂಗಳು ತಿಂಗಳೂ ಮಾಡುತ್ತಿದ್ದಾರೆ.

ಸಂಜೆಯ ಹೊತ್ತಿಗೆ ಅವರು ಮತ್ತೆ ವಾಸು ಎದುರು ನಿಂತರು. ಸಿಸ್ಟಮ್‌ನಲ್ಲಿ ‘ಊರ ಫೋನ್’ ಎಂಬ ಹೊಸ ಬಗೆಯ ಖಾತೆ ಇರಲಿ. ಅದು ಬೇಕಾದ ಊರಿನವರು ಪಂಚಾಯಿತಿಯ ಆಪರೇಟರ್ ಎದುರು ಒಟ್ಟಿಗೆ ಕೂತು, ಒಬ್ಬೊಬ್ಬರೂ ತಮ್ಮ ಹೆಸರು ಹೇಳಿ, ಈ ಫೋನು ನಮ್ಮೆಲ್ಲರದು ಎಂದು ಬಾಯಾರೆ ಹೇಳಲಿ. ಬೇಡ ಎನ್ನುವವರಿದ್ದರೆ ಅದನ್ನೂ ಅಲ್ಲಿಯೇ ಹೇಳಲಿ. ಜೀಪು ಕೀರನಕಲ್ಲಿಗೆ ಕೊನೆಯ ಸಲ ಹೋಗುವುದು ಬಾಕಿಯಿತ್ತು. ಅದರಲ್ಲೇ ಇದು ಆಗಬೇಕು.

“ತಾಲ್ಲೂಕಿಗೆ ಏನಂತ ಬರೀಲಿ?” ಎಂದರು ವಾಸು.

“ನಾವು ಬೆಂಗಳೂರಲ್ಲಿ ಕೂತು ಎಣಿಸಿದ್ವಿ, ತಪ್ಪಾಗಿ ಎಣಿಸಿದ್ವಿ ಅಂತ ಬರೀರಿ. ರೂಲ್ ಕೇಳಿದ್ದು ನಾನು. ಬೇಕಾದ್ರೆ ನನ್ನ ಹೆಸರು ಹಾಕಿ.”

“ಹೆಸರು ಬೇಡ,” ಎಂದರು ವಾಸು. ಆ ದಿನ ಅವರು ಬರೆಯಲಿಲ್ಲ. ಮಾರನೆಯ ಬೆಳಿಗ್ಗೆ ಬರೆದು, ತಾವೇ ಸಹಿ ಹಾಕಿ ಕಳಿಸಿದರು. ತಾಲ್ಲೂಕು ಕಚೇರಿಯ ಅಧಿಕಾರಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ವಾಸು ಬರೀ “ಹೌದು ಸರ್, ಹೌದು ಸರ್” ಎನ್ನುವುದಷ್ಟೇ ಉಳಿದವರಿಗೆ ಕೇಳಿಸುತ್ತಿತ್ತು. ಇಟ್ಟ ಮೇಲೆ ಅವರು, “ಪೋಡಿನವರ ಹೆಸರು ಬಂದ್ರೆ ಜೀಪಿನ ವಿಷಯ ಮತ್ತೆ ನೋಡ್ತಾರಂತೆ,” ಎಂದರು.

ಜೀಪು ಹೋಗುವ ದಿನ ಕನೀಜ್ ಊಟಕ್ಕೆ ಏಳಲಿಲ್ಲ. ಮೇಲೆ ಸಿಗ್ನಲ್ ಇಲ್ಲದ್ದರಿಂದ ಸ್ಮಿತಾ ಬರೆದುಕೊಂಡದ್ದು ಟ್ಯಾಬ್ಲೆಟ್‌ನಲ್ಲೇ ಇರುತ್ತದೆ. ಜೀಪು ಬೆಟ್ಟ ಇಳಿದು ಚೆಕ್‌ಪೋಸ್ಟಿಗೆ ಬಂದ ಮೇಲೆ ಅದು ಯಲಹಂಕಕ್ಕೆ ಹೊರಡುತ್ತದೆ. ಅಲ್ಲಿಯವರೆಗೆ ಪರದೆಯಲ್ಲಿ ಕೀರನಕಲ್ಲಿನ ಎದುರು ಹಳೆಯ ‘ಒಬ್ಬರು’ ಹಾಗೆಯೇ ಇತ್ತು. ವಾಯುನೆಲೆಯ ವಿಮಾನವೊಂದು ಕಿಟಕಿ ಅದುರಿಸಿ ಹೋಯಿತು. ಯಾರೂ ತಲೆ ಎತ್ತಲಿಲ್ಲ. ಕನೀಜ್ ಬೇರೆ ಬೆಟ್ಟದ ದೂರುಗಳನ್ನು ಓದುತ್ತ, ನಡುನಡುವೆ ಆ ಸಾಲಿಗೆ ಹಿಂದಿರುಗಿ ನೋಡುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಹೆಸರುಗಳು ಬರತೊಡಗಿದವು. ರಂಗಮ್ಮ. ಬೊಮ್ಮೇಗೌಡ. ಮಾದಿ. ಇನ್ನೊಬ್ಬ ಜಡೇಗೌಡ. ಮತ್ತೊಬ್ಬ ಜಡೇಗೌಡ. ಪರದೆ ತುಂಬಿ ಕೆಳಕ್ಕೆ ಸರಿಯಿತು.

“ಊರ್ ತುಂಬಾ ಲಾಯರ್‌ಗಳೇ ಅವ್ರೆ ಆಪಾ,” ಎಂದ ಮುನೇಶ್.

ಕನೀಜ್ ನಗಲಿಲ್ಲ. ಒಂದು ಹೆಸರಿನ ಎದುರು ಸ್ಮಿತಾ ಬೇರೆಯೇ ಬರೆದಿದ್ದರು. ಮಾದೇಶ ಎಂಬ ಯುವಕ ಎಲ್ಲರೆದುರು ಎದ್ದು ನಿಂತು, ತನಗೂ ಪೋಡಿನ ಯಜಮಾನರಿಗೂ ಆಗಿಬರುವುದಿಲ್ಲ, ಈ ಫೋನು ತನ್ನದಲ್ಲ, ತನ್ನದನ್ನು ತಾನೇ ಜೀಪಿನಲ್ಲಿ ಹೇಳಿಕೊಳ್ಳುತ್ತೇನೆ ಎಂದಿದ್ದನಂತೆ. ಗಲಾಟೆಯಾಗಿ, ಆಮೇಲೆ ಯಜಮಾನರೇ “ಬರ್ಕಳಿ, ಬರ್ಕಳಿ, ಅವನ್ ಇಷ್ಟ” ಎಂದು ಬರೆಸಿದ್ದರಂತೆ. ಕನೀಜ್ ಆ ಸಾಲನ್ನು ಎರಡು ಸಲ ಓದಿದರು.

“ಇದು ಸರಿ ಇದೆ,” ಎಂದು ವಾಸುಗೆ ಹೇಳಿದರು. “ಎಲ್ಲರೂ ಹೌದು ಅಂದಿದ್ರೆ ನನಗೆ ಡೌಟ್ ಬರ್ತಿತ್ತು.”

ತಾಲ್ಲೂಕಿನ ತೀರ್ಮಾನ ಬಂದಾಗ ಅದು ಪೂರ್ತಿ ಗೆಲುವಾಗಿರಲಿಲ್ಲ. ಕೀರನಕಲ್ಲಿನ ಜೀಪು ನಿಲ್ಲುವುದಿಲ್ಲ, ಆದರೆ ವಾರ ಬಿಟ್ಟು ವಾರ ಬರುತ್ತದೆ. ನಡುವಿನ ವಾರ ಅದು ಇನ್ನೊಂದು ಪೋಡಿಗೆ ಹೋಗುತ್ತದೆ. ಆ ಪೋಡಿನವರಿಗೂ ಈಗಾಗಲೇ ಮಾತು ಕೊಟ್ಟಾಗಿತ್ತು. ರಂಗಮ್ಮನ ಅರ್ಜಿ ಹೊಸದಾಗಿ ಹೋಯಿತು, ಹಳೆಯ ವರ್ಷ ಲೆಕ್ಕಕ್ಕೆ ಬರಲಿಲ್ಲ. ವಾಸು ಉಳಿದ ಬೆಟ್ಟಗಳ ಅಂಕಿಗಳನ್ನೂ ವಾಪಸ್ ತೆಗೆದುಕೊಂಡರು. ಈಗ ಮುನೇಶ್ ಮತ್ತು ಕನೀಜ್ ಅವನ್ನು ಒಂದೊಂದಾಗಿ ಬಿಡಿಸುತ್ತಿದ್ದಾರೆ. ಈ ನಡುವೆ ‘ಊರ ಫೋನ್’ ಖಾತೆ ಬೇಕೆಂದು ಜೆರಾಕ್ಸ್ ಅಂಗಡಿಯವನೂ ಅರ್ಜಿ ಹಾಕಿದ್ದಾನೆ. ಜನರನ್ನು ಆಪರೇಟರ್ ಎದುರು ಕೂರಿಸುವ ದಿನ ತಿಳಿಸಿ ಎಂದು ಕನೀಜ್ ಅವನಿಗೆ ಉತ್ತರಿಸಿದ್ದಾರೆ. ಅವನು ಇನ್ನೂ ದಿನ ತಿಳಿಸಿಲ್ಲ.

ಕೆಲವು ದಿನಗಳ ಮೇಲೆ ಮಧ್ಯಾಹ್ನ ಕೀರನಕಲ್ಲಿನಿಂದ ಕರೆ ಬಂತು. ಸರದಿ ಯಾರದೋ, ಮಾತಾಡಿದ್ದು ಜಡೇಗೌಡ.

“ವಾರ ಬಿಟ್ ವಾರ ಆದ್ರೆ ಅರ್ಧ ಜೀಪು ಕೊಟ್ಟಂಗಾಯ್ತು ಕಣವ್ವ. ನಮ್ಗೆ ವಾರವಾರವೂ ಬೇಕು. ಬರ್ಕಳಿ.”

“ಬರ್ಕೊಳ್ತೀನಿ.”

“ಸಿಗೋಗಂಟ ಹಾಕ್ತಾನೇ ಇರ್ತೀವಿ ನಾವು. ಬ್ಯಾಸರ ಮಾಡ್ಕಬಾರ್ದು.”

“ಹಾಕಿ. ನಾನು ಕಳಿಸ್ತಾನೇ ಇರ್ತೀನಿ.”

ಕನೀಜ್ ದೂರು ಬರೆದರು. ‘ಊರ ಫೋನ್’ ಖಾತೆಯಾದ್ದರಿಂದ ಪರದೆ ಒಂದು ಹೊಸ ಪ್ರಶ್ನೆ ಕೇಳಿತು. ಎಷ್ಟು ಜನರ ಪರವಾಗಿ?

“ಎಷ್ಟು ಜನರ ಪರವಾಗಿ ಅಂತ ಹಾಕ್ಲಿ ಗೌಡ್ರೇ?”

ಜಡೇಗೌಡ ಫೋನನ್ನು ಬಾಯಿಂದ ದೂರ ಹಿಡಿದು ಬಂಡೆಯ ಕೆಳಗಿನವರನ್ನು ಕೂಗಿ ಕೇಳಿದರು. ಯಾರೋ ಒಂದು ಸಂಖ್ಯೆ ಹೇಳಿದರು. ಒಬ್ಬ ಹೆಂಗಸು ಇನ್ನೊಂದು ಹೇಳಿದಳು. ಮಕ್ಕಳನ್ನು ಸೇರಿಸಬೇಕೇ ಬೇಡವೇ ಎಂದು ಮಾತು ಹತ್ತಿಕೊಂಡಿತು. ಮಾದೇಶನನ್ನೂ ಈ ಸಲ ಹಾಕ್ರಪ್ಪ, ಜೀಪು ಅವನ್ಗೂ ಬೇಕಲ್ಲ ಎಂದರು ಮತ್ಯಾರೋ. ಅವನನ್ನು ಕೇಳದೆ ಹೆಂಗೆ ಹಾಕೋದು ಎಂದು ಇನ್ನೊಬ್ಬರು ತಡೆದರು. ಒಬ್ಬರು ಅವನನ್ನು ಕರೆಯಲು ಪೋಡಿಗೆ ಇಳಿದರು.

“ವಸಿ ತಡೀರಿ ಕನೀಜವ್ವ,” ಎಂದರು ಜಡೇಗೌಡ. “ಬತ್ತಾವ್ನೆ.”

“ಆಯ್ತು, ಇರ್ತೀನಿ,” ಎಂದು ಕನೀಜ್ ಫೋನು ಕಿವಿಯಲ್ಲೇ ಇಟ್ಟುಕೊಂಡು, ಖಾಲಿ ಜಾಗದಲ್ಲಿ ಕರ್ಸರ್ ನಿಲ್ಲಿಸಿ ಕಾದರು.